ಕುರಿಕೊಬ್ಬು ಕುಡಿದ ವಾಷರ್

ಕ್ಲಿಮೆಕ್‌ನ ಟ್ರ್ಯಾಕ್ಟರಿಗೆ ಹತ್ತು ಊರಿನ ನೆಂಟಸ್ತನವಿತ್ತು. ಇಂಜಿನ್ ಹಳೆಯ ನೀರೆತ್ತುವ ಪಂಪಿನದು, ಗಾಲಿಗಳು ಸೇನೆಯ ಜೀಪಿನವು, ಸೀಟು ಕುದುರೆಗಾಡಿಯದು. ತಾತ್ರಾ ಬೆಟ್ಟದ ಬುಡದ ಆ ಹಳ್ಳಿಯಲ್ಲಿ ಟ್ರ್ಯಾಕ್ಟರನ್ನು ಯಾರೂ ಕೊಳ್ಳುತ್ತಿರಲಿಲ್ಲ, ಕಟ್ಟಿಕೊಳ್ಳುತ್ತಿದ್ದರು. ಅದಕ್ಕೆ ಅವನ ಹೆಂಡತಿ ಲುದ್ವೀನಾ ಯಾವತ್ತೂ ಹೆದರಿದವಳಲ್ಲ. ಹೆದರಿಕೆ ಶುರುವಾದದ್ದು ಗಂಡ ಅದರ ಬೆನ್ನಿಗೆ ಭಾರ ಎತ್ತುವ ಕಬ್ಬಿಣದ ಕೈಯೊಂದನ್ನು ಬೆಸೆದ ಮೇಲೆ.

ಆ ಕೈಯನ್ನು ಮೇಲಕ್ಕೆತ್ತುವ ಹೈಡ್ರಾಲಿಕ್ ಜಾಕಿ ಗುಜರಿ ಸೇರಿದ್ದ ಟಿಪ್ಪರ್ ಲಾರಿಯದು. ಎಣ್ಣೆ ಒತ್ತಿದರೆ ಪಿಸ್ಟನ್ ಮೇಲೇಳುತ್ತದೆ. ಎಣ್ಣೆ ಜಾರಿ ಹೋಗದಂತೆ ಹಿಡಿಯುವುದು ಪಿಸ್ಟನ್ನಿನ ಸುತ್ತಲಿನ ವಾಷರ್. ಆ ವಾಷರೇ ಹರಿದಿತ್ತು. ಅಂಗಡಿಗಳಲ್ಲಿ ವಿನಿಗರ್ ಬಾಟಲಿ ಬಿಟ್ಟರೆ ನೊಣವೂ ಸಿಗದ ವರ್ಷ ಅದು, ರಬ್ಬರ್ ವಾಷರ್ ಎಲ್ಲಿಂದ ಬರಬೇಕು? ಕುರಿ ಕಾಯುತ್ತಿದ್ದ ಅಜ್ಜನ ಅಗಲವಾದ ಸೊಂಟಪಟ್ಟಿಯನ್ನು ಕ್ಲಿಮೆಕ್ ಕತ್ತರಿಸಿ ಚರ್ಮದ ಬಳೆಗಳನ್ನು ಮಾಡಿದ.

"ಒಂದಿಷ್ಟು ಕುರಿಕೊಬ್ಬು ಕರಗಿಸ್ಕೊಡು," ಎಂದ.

ಬೆಟ್ಟದವರಿಗೆ ಚರ್ಮ ಕಂಡರೆ ಕೊಬ್ಬು ಬಳಿಯದೆ ಕೈ ಸುಮ್ಮನಿರುವುದಿಲ್ಲ. ಕಾಲ್ಮೆಟ್ಟಿಗೂ ಅದೇ, ಕುದುರೆಯ ಜೀನಿಗೂ ಅದೇ. ಲುದ್ವೀನಾ ಬಾಣಲೆಯಲ್ಲಿ ಕರಗಿಸಿ ಕೊಟ್ಟಳು. ಬಳೆಗಳು ಅದರಲ್ಲಿ ನೆಂದು ಮೆತ್ತಗಾದವು.

ಮೊದಲ ದಿನ ಆ ಕೈ ಗೊಬ್ಬರದ ಗಾಡಿಯನ್ನು ಹೂವಿನಂತೆ ಎತ್ತಿ ಇಳಿಸಿತು.

"ನೋಡ್ದಾ? ಒಂದು ಹನಿ ಸೋರಿಲ್ಲ."

"ಎತ್ಕೋ, ಬ್ಯಾಡ ಅಂದೋರ್ಯಾರು. ಅದ್ರ ಕೆಳಗೆ ಮಾತ್ರ ನಿಲ್ಬ್ಯಾಡ."

"ನಿಮ್ಮಪ್ಪನ ದಿಮ್ಮಿ ಇನ್ನೂ ನಿನ್ ತಲೆಯಿಂದ ಇಳಿದಿಲ್ಲ ಕಣೆ," ಎಂದು ನಕ್ಕ.

ಇಳಿಯುವುದು ಹೇಗೆ? ಅವಳ ಅಪ್ಪ ಕಾಡಿನಲ್ಲಿ ಉರುಳಿದ ದಿಮ್ಮಿಯ ಕೆಳಗೆ ಸತ್ತವನು. ಹೊರಗೆಳೆದಾಗ ಮುಖ ನೋಡಬೇಡ ಎಂದು ಅತ್ತೆಯೊಬ್ಬಳು ಅವಳ ಕಣ್ಣಿಗೆ ಶಾಲು ಅಡ್ಡ ಹಿಡಿದಿದ್ದಳು. ನೋಡದ ಆ ಮುಖಕ್ಕೆ ಈಗೀಗ ಗಂಡನ ಮೀಸೆ ಬರತೊಡಗಿತ್ತು.

ಅವರು ಕಟ್ಟಿಸುತ್ತಿದ್ದ ಹೊಸ ಮನೆಯ ಮರದ ಗೋಡೆಗಳು ಎದ್ದು, ಸೂರನ್ನು ಹೊರುವ ನಡುತೊಲೆ ಏರಿಸುವ ದಿನ ಬಂತು. ಆಗಸ್ಟಿನ ಒಂದು ಶುಕ್ರವಾರ, ಅವರ ಧರ್ಮದಲ್ಲಿ ಮಾಂಸ ಮುಟ್ಟಬಾರದ ದಿನ. ಎಂಟಾಳು ಹಗ್ಗ ಹಿಡಿದು ಮಾಡುವ ಕೆಲಸ. ಕ್ಲಿಮೆಕ್ ಇಬ್ಬರೇ ಬಡಗಿಗಳನ್ನು ಕರೆದಿದ್ದ, ಮುದುಕ ಮಚ್ಯಾತಾ ಮತ್ತು ಅವನ ತಮ್ಮ. ಬೆಳಗಿನಿಂದ ಗೋಡೆಯ ಮೇಲ್ಸಾಲಿನ ದಿಮ್ಮಿಗಳನ್ನೆಲ್ಲ ಟ್ರ್ಯಾಕ್ಟರೇ ಎತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಜಾಕಿ ಮುಟ್ಟಿದರೆ ಕೈ ಸುಡುತ್ತಿತ್ತು.

ಅಲ್ಲಿಯ ಪದ್ಧತಿಯೊಂದಿದೆ. ನಡುತೊಲೆಯನ್ನು ಜಾಗಕ್ಕೆ ಕೂರಿಸುವ ಮೊದಲು ಗಾಳಿಯಲ್ಲೇ ನಿಲ್ಲಿಸುತ್ತಾರೆ. ಮನೆಯವರು ಟೋಪಿ ತೆಗೆದು ಕೆಳಗೆ ನಿಲ್ಲಬೇಕು; ತೊಲೆಯ ಹೊಟ್ಟೆಯಲ್ಲಿ ಕೆತ್ತಿದ ಹೂವಿನ ಪಕ್ಕದ ಹೆಸರುಗಳನ್ನು ಬಡಗಿ ಓದಿ ಪ್ರಾರ್ಥನೆ ಹೇಳಬೇಕು. ಆಮೇಲೆ ಎಲ್ಲರಿಗೂ ಒಂದೊಂದು ಗುಟುಕು ವೋಡ್ಕಾ. ಆಗಸ್ಟ್ ಇಡೀ ಹನಿ ಮುಟ್ಟುವುದಿಲ್ಲ ಎಂದು ಮೂವರೂ ಪಾದ್ರಿಯ ಮುಂದೆ ಮಾತು ಕೊಟ್ಟಿದ್ದರು. ಆದರೂ ಬಾಟಲಿ ಕಿಟಕಿಕಟ್ಟೆಯ ಮೇಲೆ ತಯಾರಿತ್ತು. ಮಾತು ಮಾತಿಗೆ, ಬಾಟಲಿ ಬಾಟಲಿಗೆ.

ಲುದ್ವೀನಾ ಊಟದ ಪಾತ್ರೆ ಹೊತ್ತು ಬಂದಾಗ ಗೋಡೆಗಳ ಆಚೆ ನಿಂತ ಟ್ರ್ಯಾಕ್ಟರಿನ ಸರಪಳಿಯಲ್ಲಿ ತೊಲೆ ಒಳಗಿದ್ದ ಮೂವರ ತಲೆಯ ಮೇಲೆ ತೂಗುತ್ತಿತ್ತು.

ಮಚ್ಯಾತಾ ಮೂಗರಳಿಸಿದ. "ಏನವ್ವಾ, ಶುಕ್ರವಾರ ಮಾಂಸ ಹುರಿದಿದೀಯಾ? ನರಕಕ್ಕೆ ಹೋಗೋದೇ ಆದ್ರೆ ನಮ್ಗೂ ಒಂದ್ ತುಂಡು ಹಾಕು."

"ಆಲೂಗಡ್ಡೆ, ಹುಳಿಕೋಸು ಅಷ್ಟೇ ಮಾವ," ಎಂದಳು. ಹೇಳುತ್ತಿದ್ದಂತೆ ಅವಳ ಮೂಗಿಗೂ ಬಡಿಯಿತು, ಬಿಸಿ ಕುರಿಕೊಬ್ಬಿನ ವಾಸನೆ. ಪಾತ್ರೆಯಿಂದಲ್ಲ, ಟ್ರ್ಯಾಕ್ಟರಿನ ಕಡೆಯಿಂದ.

ಹತ್ತಿರ ಹೋಗಿ ನೋಡಿದಳು. ಜಾಕಿಯ ಕುತ್ತಿಗೆಯಿಂದ ಕರಿ ಎಣ್ಣೆಯ ಜೊತೆ ಹಳದಿ ಕೊಬ್ಬು ಜಿನುಗುತ್ತಿತ್ತು. ಚಳಿಗಾಲದಲ್ಲಿ ಒಲೆಯ ಬಳಿ ಮರೆತಿಟ್ಟ ಕಾಲ್ಮೆಟ್ಟು ನೆನಪಾಯಿತು. ಕೊಬ್ಬೆಲ್ಲ ಕರಗಿ ಹರಿದು, ಚರ್ಮ ಸೊರಗಿ ಹೋಗಿತ್ತಲ್ಲ. ಅವಳು ಬಾಗಿಲಿಗೆ ಓಡಿದಳು.

"ಕ್ಲಿಮೆಕ್, ಹೊರಗ್ ಬಾ. ಕೊಬ್ಬು ಕರಗ್ತಾ ಅದೆ, ಅದು ನಿಲ್ಲಲ್ಲ."

"ಶುರುವಾಯ್ತು ನೋಡಪ್ಪ," ಎಂದ ಅವನು ಬಡಗಿಗಳತ್ತ ಕಣ್ಣು ಹೊಡೆದು. "ನೀನೇ ಒಳಗ್ ಬಾ. ನಿನ್ ಹೆಸರೂ ಕೆತ್ತವ್ರೆ, ಎಷ್ಟ್ ಚೆನ್ನಾಗದೆ ನೋಡು."

"ಸುಮ್ನಿರವ್ವಾ, ಪ್ರಾರ್ಥನೆ ಮಧ್ಯ ಬಾಯಿ ಹಾಕಿದ್ರೆ ಮನೆಗೆ ಒಳ್ಳೇದಲ್ಲ," ಎಂದು ಮಚ್ಯಾತಾ ತಲೆ ಬಾಗಿಸಿದ. ಉಳಿದಿಬ್ಬರೂ ಬಾಗಿಸಿದರು. ಕ್ಲಿಮೆಕ್‌ನ ಟೋಪಿ ಅವನ ಕಾಲ ಬಳಿ ನೆಲದ ಮೇಲಿತ್ತು.

ತೊಲೆ ಒಂದು ಬೆರಳು ಕೆಳಗಿಳಿಯಿತು. ಅವಳೊಬ್ಬಳೇ ಕಂಡಳು. ಮತ್ತೊಂದು ಬೆರಳು. ಅದರ ಕೆಳಗೆ ಬಾಗಿದ ಆ ಮೂರು ಕುತ್ತಿಗೆಗಳು. ಕೂಗಿದರೆ ನಗುತ್ತಾರೆ. ಎಳೆಯಲು ಹೋದರೆ ಒಬ್ಬನನ್ನು ಎಳೆದಾಳು, ಇನ್ನಿಬ್ಬರು? ಗಂಡಸರಿಗೆ ಸಾವಿನ ಹೆದರಿಕೆ ಇಲ್ಲದಿದ್ದರೂ ಇನ್ನೊಂದರ ಹೆದರಿಕೆ ಇದ್ದೇ ಇರುತ್ತದೆ. ಅವಳು ರಸ್ತೆಯತ್ತ ತಿರುಗಿ, ಆದಷ್ಟು ಸಹಜವಾಗಿ ಹೇಳಿದಳು:

"ಅಯ್ಯೋ, ಪಾದ್ರಿಗಳು ಬರ್ತಾವ್ರೆ. ಇತ್ಲಾಗೇ ಬರ್ತಾವ್ರೆ."

ಪ್ರಾರ್ಥನೆ ಅರ್ಧಕ್ಕೇ ನಿಂತಿತು. "ಬಾಟಲಿ, ಬಾಟಲಿ," ಎಂದ ಮಚ್ಯಾತಾ. ತಮ್ಮ ಅದನ್ನು ಬಾಚಿಕೊಂಡು ಹಿಂದಿನ ಹೊಲದತ್ತ ಓಡಿದ, ಮುದುಕ ಅವನ ಹಿಂದೆ. ಕ್ಲಿಮೆಕ್ ಕೂದಲು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದ. ಬಂದವನು ಟೋಪಿ ನೆನಪಾಗಿ ಹಿಂತಿರುಗಿದ.

"ಟೋಪಿ ಬಿಡು," ಎಂದು ಅವಳು ಅವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದಳು. "ನಿನ್ ಕಾಲಿಗೆ ಬೀಳ್ತೀನಿ, ಬಿಡು."

ಜಾಕಿ ಒಮ್ಮೆ ಕೆಮ್ಮಿದಂತೆ ಎಣ್ಣೆ ಕಾರಿತು. ಕಬ್ಬಿಣದ ಕೈ ಸೋತು ಕುಸಿಯಿತು. ತೊಲೆ ಬಿದ್ದ ಸದ್ದಿಗೆ ಪಕ್ಕದ ಹೊಲದ ಕುರಿಗಳೆಲ್ಲ ಚದುರಿದವು. ಧೂಳು ಇಳಿದಾಗ ಟೋಪಿಯ ಒಂದು ಅಂಚು ಮಾತ್ರ ತೊಲೆಯ ಕೆಳಗಿಂದ ಕಾಣುತ್ತಿತ್ತು. ಕ್ಲಿಮೆಕ್ ಮಂಡಿಯೂರಿ ಅದನ್ನು ಎಳೆದ. ಅದು ಬರಲಿಲ್ಲ. ಇನ್ನೊಮ್ಮೆ ಎಳೆದು, ಕೈಬಿಟ್ಟು, ಅಲ್ಲೇ ಕುಕ್ಕರಿಸಿದ.

ಬಡಗಿಗಳು ಓಡಿ ಬಂದು ಬಾಗಿಲಲ್ಲೇ ನಿಂತರು. ಮಚ್ಯಾತಾ ಖಾಲಿ ರಸ್ತೆಯ ಕಡೆ ನೋಡಿ ಕೇಳಿದ:

"ಎಲ್ಲವ್ವಾ, ಪಾದ್ರಿಗಳು?"

ಗಂಡನ ಅಂಗಿ ಲುದ್ವೀನಾಳ ಮುಷ್ಟಿಯಲ್ಲೇ ಇತ್ತು. ಬೆರಳು ಬಿಡಿಸಲು ಅವಳಿಗೆ ಆಗುತ್ತಿರಲಿಲ್ಲ.

"ಬರಲ್ಲ ಮಾವ," ಎಂದಳು. "ಮಣ್ಣು ಮಾಡೋಕೆ ಇವತ್ತು ಅವ್ರನ್ನ ಕರೆಸ್ಬೇಕಾಗಿ ಬರ್ಲಿಲ್ಲ."