ಕಲ್ಲಿನೊಳಗಿನ ಮೀನು

ಮ್ಯಾರಿಟ್ ಹಾಲ್ವರ್ಸನ್ ಕೆಲಸಕ್ಕೆ ಕೂತಳೆಂದರೆ ಊರೇ ಒಂದು ಕಡೆ, ಅವಳೇ ಒಂದು ಕಡೆ. ಬ್ರಿಟಿಷ್ ಕೊಲಂಬಿಯಾದ ಆ ಕಣಿವೆಯಲ್ಲಿ, ಮನೆಯ ಹಿಂದಿನ ಶೆಡ್ಡಿನಲ್ಲಿ, ಮ್ಯೂಸಿಯಮ್ಮಿನವರು ಕಳಿಸುವ ಕಲ್ಲುಗಳಿಂದ ಕೋಟ್ಯಂತರ ವರ್ಷ ಹಳೆಯ ಮೀನುಗಳನ್ನು ಬಿಡಿಸುವುದು ಅವಳ ಕಸುಬು. ಗಾಳಿಯ ಒತ್ತಡದಿಂದ ಕುಟ್ಟುವ ಸೂಜಿ ಹಿಡಿದು, ಭೂತಗನ್ನಡಿಯ ಕೆಳಗೆ ಸಾಸಿವೆಯಷ್ಟು ಸಾಸಿವೆಯಷ್ಟೇ ಕಲ್ಲು ಉದುರಿಸಬೇಕು. ಕೈ ಕೂದಲೆಳೆ ಜಾರಿದರೂ ಮುಳ್ಳು ಪುಡಿ. ಹಾಗಾಗಿ ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು, ಕಿವಿ ಮುಚ್ಚಿ, ಪರದೆ ಎಳೆದುಕೊಂಡೇ ಕೂರುತ್ತಿದ್ದಳು.

ಆ ಆಗಸ್ಟಿನಲ್ಲಿ ಗುಡ್ಡದಾಚೆಯ ಕಾಡು ಮೂರು ದಿನದಿಂದ ಉರಿಯುತ್ತಿತ್ತು. ಊರು ಬಿಡಿ ಎಂಬ ಆದೇಶ ಬಂದರೆ ಪಕ್ಕದ ಮನೆಯ ಆರ್ವಿಲ್ ಟೆಂಚ್ ಅವರನ್ನೂ ತನ್ನ ಕಾರಿನಲ್ಲೇ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದಳು. ಎಂಬತ್ತೆರಡರ ಆರ್ವಿಲ್, ಕಣ್ಣು ಮಂಜಾದ ಮೇಲೆ ಕಾರು ಮಾರಿದ್ದರು.

ಬೆಳಿಗ್ಗೆ ಎಂಟಕ್ಕೆ ಕೂತಳು. ಅರ್ಧ ಗಂಟೆ ಮನಸ್ಸು ಬೆಂಕಿಯ ಕಡೆಗೇ ಎಳೆಯಿತು. ಆಮೇಲೆ ಸದ್ದಿಲ್ಲದೆ ಕೆಲಸದೊಳಗಿಳಿಯಿತು. ಒಂದೊಂದೇ ಪಕ್ಕೆಲುಬು ಮೇಲೆದ್ದು ಬಂತು. ಹಸಿವಿಲ್ಲ, ಬೆನ್ನುನೋವಿಲ್ಲ. ನಡುವೆ ಬೆಳಕು ಸಾಲದೆನಿಸಿದಾಗ ಕೈ ತಾನಾಗಿ ಇನ್ನೊಂದು ದೀಪ ಹಾಕಿತು. ಗಂಟಲು ಕೆರೆದಾಗ ಕಲ್ಲಿನ ದೂಳೆಂದುಕೊಂಡು ಮಾಸ್ಕ್ ಬಿಗಿ ಮಾಡಿಕೊಂಡಳು. ಅಷ್ಟು ಸುಖವಾಗಿ ಅವಳು ಎಂದೂ ಕೆಲಸ ಮಾಡಿರಲಿಲ್ಲ.

ಕರೆಂಟು ಹೋದಾಗಲೇ ಸೂಜಿ ನಿಂತದ್ದು. ಕಿವಿಯ ಮುಚ್ಚಳ ತೆಗೆದರೆ ಊರಿನಲ್ಲಿ ನಾಯಿಯ ಸದ್ದೂ ಇಲ್ಲ. ಹೊರಗೆ ಮಧ್ಯಾಹ್ನದ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಂಗಳದ ತುಂಬ ಬೂದಿ. ಬೀದಿಯ ಕಾರುಗಳೆಲ್ಲ ಹೋಗಿದ್ದವು. ಅವಳ ಕಾರಿನಲ್ಲಿ ಆರ್ವಿಲ್ ಒಬ್ಬರೇ, ತೊಡೆಯ ಮೇಲೆ ಬೆಕ್ಕಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

"ಒಂದು ಸಲ ನನ್ನ ಕರೀಬಾರ್ದಿತ್ತಾ?" ಎಂದಳು, ಕೀಲಿ ತಿರುಗಿಸುತ್ತ.

"ಕರ್ದೆ ಕಣಮ್ಮ. ಭುಜ ಹಿಡಿದು ಅಲ್ಲಾಡಿಸ್ದೆ. ನೀನು ತಲೆ ಎತ್ತಿ ನನ್ನ ಮುಖಾನೇ ನೋಡ್ದೆ. ಇನ್ನೊಂದು ಪಕ್ಕೆಲುಬು ಮುಗಿಸಿ ಬರ್ತೀನಿ, ಕಾರಲ್ಲಿ ಕೂತಿರಿ ಅಂದೆ. ಕಾರಿನ ಹತ್ರ ಬಂದ ಪೊಲೀಸ್ನೋರಿಗೂ ನಾನು ಅದನ್ನೇ ಹೇಳಿ ಕಳಿಸ್ದೆ."

"ಯಾವಾಗ?"

"ಹನ್ನೊಂದಕ್ಕೆ. ಆಮೇಲೆ ಹೊಗೇಲಿ ನಂಗೆ ದಾರಿ ಕಾಣ್ಲಿಲ್ಲ, ಈಗ ಬರ್ತೀಯ ಈಗ ಬರ್ತೀಯ ಅಂತ ಕೂತೆ."

ಕಾರಿನ ಗಡಿಯಾರದಲ್ಲಿ ಎರಡೂವರೆ. ಅವಳಿಗೆ ಏನೊಂದೂ ನೆನಪಿರಲಿಲ್ಲ.

ಸೇತುವೆಯ ದಾರಿಗೆ ಬೆಂಕಿ ಅಡ್ಡ ಬಂದಿತ್ತು. ಸರೋವರದ ಕಡೆಯ ಮಣ್ಣುದಾರಿ ಹಿಡಿದು, ಎರಡು ಮಾರು ಮುಂದೆ ಕಾಣದ ಹೊಗೆಯಲ್ಲಿ ತೆವಳುತ್ತ, ಹೇಗೋ ನೀರಿನ ಅಂಚು ಮುಟ್ಟಿದರು. ರಕ್ಷಣೆಯ ದೋಣಿಯವರು ಬಂದು ಹತ್ತಿಸಿಕೊಳ್ಳುವಷ್ಟರಲ್ಲಿ ಅವರ ಬೀದಿ ಇಡಿಯಾಗಿ ಹೊತ್ತಿಕೊಂಡಿತ್ತು.

ಹಿಂದೆ ಯಾರಾದರೂ ಉಳಿದಿದ್ದಾರೆಯೇ ಎಂದು ದೋಣಿಯ ಹೆಂಗಸು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದ ಮ್ಯಾರಿಟ್ ಮಾತು ತಡೆದಳು. ಆರ್ವಿಲ್‌ರ ತೋಳು ಹಿಡಿದು ಮೆಲ್ಲಗೆ ಕೇಳಿದಳು:

"ನಿಮ್ಮನ್ನ ಬಿಟ್ಟು ಬೇರೆ ಯಾರಾದ್ರೂ ಬಂದು ನನ್ನ ಕರೆದಿದ್ರಾ? ಅವರಿಗೂ ನಾನು ಕೂತಿರಿ ಅಂದಿದ್ನಾ?"

ತಾನು ಮನೆಯ ಮುಂದುಗಡೆ ಕಾರಿನಲ್ಲಿದ್ದೆ, ಹಿಂದಿನ ಶೆಡ್ಡಿನ ಬಾಗಿಲು ಅಲ್ಲಿಂದ ಕಾಣಿಸುವುದಿಲ್ಲ ಎಂದರು ಆರ್ವಿಲ್.