ಎಡಗೈ ಎತ್ತಿದವಳು

ತಮಿಳು ಸೀಮೆಯ ಪೋರೂರಿನ ಒಂದು ಶಾಲೆಯಲ್ಲಿ ದಾವಣಗೆರೆ ಕಡೆಯ ಶಿಲ್ಪಶ್ರೀ ಎರಡು ವರ್ಷದಿಂದ ಹಂಗಾಮಿ ಟೀಚರು. ಇವತ್ತು ಶಾಲೆಯ ಯಜಮಾನರು, ಅಲ್ಲಿಯವರ ಬಾಯಲ್ಲಿ ಕರೆಸ್ಪಾಂಡೆಂಟ್ ಸಾರ್, ಐದನೇ ತರಗತಿಯಲ್ಲಿ ಕೂತು ಅವಳ ಪಾಠ ನೋಡುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ, ಇಲ್ಲವಾದರೆ ಈ ತಿಂಗಳಿಗೇ ಮನೆಗೆ. ಶೋಳಿಂಗನಲ್ಲೂರಿನಲ್ಲಿದ್ದ ಗಂಡನ ಕಂಪನಿ ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು. ಬೇರೆ ದಾರಿ ಇರಲಿಲ್ಲ.

ಪಾಠ, ಕಥೆಯ ತಿರುಳು ಹುಡುಕುವುದು. ಹುಡುಕುವುದೆಲ್ಲ ಮೊದಲೇ ಮುಗಿದಿತ್ತು ಅನ್ನಿ. ನಾಲ್ಕು ದಿನ ತಾಲೀಮು ನಡೆದಿತ್ತು. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಬಾಯಿಪಾಠ ಬಂದವರು ಬಲಗೈ, ಬಾರದವರು ಎಡಗೈ. ಟೀಚರು ಬಲಗೈಯವರನ್ನಷ್ಟೇ ಏಳಿಸುತ್ತಾರೆ. ಎಂಥ ಘನಂದಾರಿ ವಿದ್ಯೆ!

ಕಥೆ ಇಷ್ಟೇ. ಒಬ್ಬ ಹುಡುಗಿ ದಿನವೂ ಊರಿಗೆಲ್ಲ ನೀರು ಹೊತ್ತು ತರುತ್ತಾಳೆ. ರಾಜ ಮೆಚ್ಚಿ ಅವಳಿಗೆ ಇನ್ನೂ ದೊಡ್ಡದೊಂದು ಕೊಡವನ್ನು ಬಹುಮಾನ ಕೊಡುತ್ತಾನೆ. ಪುಸ್ತಕದ ಪ್ರಕಾರ ತಿರುಳು, ದುಡಿಮೆಗೆ ತಕ್ಕ ಫಲ.

ಶಿಲ್ಪಶ್ರೀ ಪ್ರಶ್ನೆ ಕೇಳಿದಳು. ಮೂವತ್ತೆಂಟು ಕೈ ಮೇಲೆದ್ದವು. ಅವಳು ಬಲಗೈ ಎತ್ತಿದ್ದ ಸುಘೋಷನ ಕಡೆ ತಿರುಗುವಷ್ಟರಲ್ಲಿ ಕರೆಸ್ಪಾಂಡೆಂಟರಿಗೇ ಹುರುಪು ಬಂತು. "ನೀ ಹೇಳಮ್ಮ" ಎಂದು ಕೊನೆಯ ಬೆಂಚಿಗೆ ಬೆರಳು ತೋರಿಸಿದರು. ಅಲ್ಲಿ ಎಡಗೈ ಎತ್ತಿ ಕೂತಿದ್ದವಳು ಶಿಲ್ಪಶ್ರೀಯ ಮಗಳು ಶರಣ್ಯಾ.

ಶರಣ್ಯಾ ಎದ್ದು ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. "ನಿನಗೇನು ಬೇಕು ಅಂತ ಅವಳನ್ನ ಯಾರೂ ಕೇಳಲೇ ಇಲ್ಲ ಸರ್. ಅದೇ ತಿರುಳು. ಕೊಡ ದೊಡ್ಡದಾದರೆ ಅವಳು ಇನ್ನೂ ಜಾಸ್ತಿ ಹೊರಬೇಕಲ್ಲ?"

ಶಿಲ್ಪಶ್ರೀಗೆ ಹೆಮ್ಮೆ ಉಕ್ಕಿತು. ಕಥೆಯ ಆ ನೀರು ಹೊರುವ ಹುಡುಗಿಯನ್ನು ತಾನು ಇಷ್ಟು ದಿನ ಪಾಠ ಮಾಡಿಯೂ ಹೀಗೆ ನೋಡಿರಲಿಲ್ಲ.

ಕರೆಸ್ಪಾಂಡೆಂಟರು ಕೈಯಲ್ಲಿದ್ದ ಉತ್ತರದ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಏನು ಮಿಸ್, ಇದು ಸರೀನಾ?"

"ತಪ್ಪು ಸರ್."

ಶರಣ್ಯಾ ಕೂತಳು. ಸುಘೋಷ ಎದ್ದು ಗಿಣಿಯ ಹಾಗೆ ಒಪ್ಪಿಸಿದ. ಕರೆಸ್ಪಾಂಡೆಂಟರು ಚಪ್ಪಾಳೆ ತಟ್ಟಿದರು, ಮಧ್ಯಾಹ್ನವೇ ಕಾಯಂ ಆದೇಶ ಕೈಗೆ ಬಂತು. ಟೀಚರುಗಳೆಲ್ಲ ಸ್ವೀಟು ಕೇಳಿದರು. ಅವಳು ನಕ್ಕು ಆದೇಶವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಬಸ್ ಸ್ಟಾಪಿನಲ್ಲಿ ಮಗಳ ಕೈ ಹಿಡಿದು ನಿಂತಾಗ ತಡೆಯಲಾಗಲಿಲ್ಲ. "ನೀ ಹೇಳಿದ್ದೇ ಸರಿ ಇತ್ತವ್ವಾ."

ಶರಣ್ಯಾಳ ಮುಖ ಅರಳಿತು. "ಅಪ್ಪಡಿಯಾ, ಹೌದಾ? ಹಂಗಾದ್ರೆ ನಾಳೆ ಕ್ಲಾಸಲ್ಲಿ ಎಲ್ಲರ ಮುಂದೆ ಹೇಳ್ತೀಯಾ, ಅವ್ವಾ?"

ಶಿಲ್ಪಶ್ರೀ ಬಸ್ಸು ಬರುವ ದಾರಿಯತ್ತ ಕಣ್ಣು ಹೊರಳಿಸಿದಳು. "ಹೇಳಾಕೆ ಆಗಲ್ಲ ಮಗಳೇ."

ಶರಣ್ಯಾ ತನ್ನ ಕೈ ಬಿಡಿಸಿಕೊಂಡಳು.

"ಸರಿ, ಮಿಸ್" ಎಂದಳು.