ನಾಲ್ಕು ನಿಮಿಷ ಮುಂಚೆ ಬರುವ ಗೆರೆ

ಆ ಗೆರೆಯ ಮೂಲ ಸಿಗದೇ ಹೋಗಲಿ ಎಂದು ಮಂಜಿರಿ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಹೊರಗೆ ಹೇಳಿದರೆ ಜನ ನಕ್ಕಾರು. ಹುಡುಕುವುದೇ ಅವಳ ಕೆಲಸ. ಸಿಗದಿರಲಿ ಎಂದು ಬೇಡಿಕೊಳ್ಳುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ?

ಮರಾಠಿ ಸೀಮೆಯ ಜುನ್ನರದ ಬಯಲಿನಲ್ಲಿ, ದ್ರಾಕ್ಷಿ ಚಪ್ಪರ, ಟೊಮೆಟೊ ಹೊಲಗಳ ನಡುವೆ ರೇಡಿಯೋ ದೂರದರ್ಶಕದ ತಂತಿಬಲೆಯ ದೊಡ್ಡ ದೊಡ್ಡ ಬಟ್ಟಲುಗಳು ಆಕಾಶಕ್ಕೆ ಕಿವಿಗೊಟ್ಟು ನಿಂತಿದ್ದವು. ಕೋಟಿ ಕೋಟಿ ವರ್ಷ ನಡೆದು ಬಂದ ರೇಡಿಯೋ ಅಲೆಗಳು ಅಲ್ಲಿಗೆ ತಲುಪುವ ಹೊತ್ತಿಗೆ ಎಷ್ಟು ಸೊರಗಿರುತ್ತಿದ್ದವೆಂದರೆ, ಪಕ್ಕದ ಊರಿನ ಒಂದು ಮೋಟರ್‌ಬೈಕಿನ ಕಿಡಿ ಸಾಕು, ಮುಳುಗಿಹೋಗಲು. ಅದಕ್ಕೇ ಎಲ್ಲರ ಫೋನೂ ಗೇಟಿನಲ್ಲೇ ಉಳಿಯುತ್ತಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಮಂಜಿರಿಯನ್ನು ಹಾಕಿದ್ದು ಗದ್ದಲ ಹುಡುಕುವ ತಂಡಕ್ಕೆ. ಕೆಟ್ಟ ಟ್ರಾನ್ಸ್‌ಫಾರ್ಮರ್, ಚಿರತೆ ಬಾರದಿರಲೆಂದು ಎಳೆದ ಕರೆಂಟು ಬೇಲಿ, ಯಾರದೋ ಮನೆಯ ಟೀವಿ ಬೂಸ್ಟರ್. ಆಕಾಶ ಕೇಳಲು ಬಂದವಳು, ಭೂಮಿಗೆ ಸುಮ್ಮನಿರು ಎಂದು ಹೇಳುತ್ತ ತಿರುಗುವಂತಾಗಿತ್ತು.

ಹಾಗಿರುವಾಗಲೇ ಒಂದು ಸಂಜೆ, ಬಟ್ಟಲುಗಳಿಗೆ ಕೇಳಿದ್ದನ್ನು ತೋರಿಸುವ ಪರದೆಯ ಮೇಲೆ ಆ ಗೆರೆ ಕಂಡಿತು. ಸಣ್ಣದು, ಬಿಳಿಯದು. ಸ್ವಲ್ಪ ಹೊತ್ತು ಇದ್ದು ಮಾಯವಾಯಿತು. ಮರುದಿನ ಮತ್ತೆ ಬಂತು, ನಾಲ್ಕು ನಿಮಿಷ ಮುಂಚೆ. ಅದರ ಮರುದಿನ ಇನ್ನೂ ನಾಲ್ಕು ನಿಮಿಷ ಮುಂಚೆ. ಮಂಜಿರಿ ಮೂರೂ ದಿನದ ಹೊತ್ತನ್ನು ಮತ್ತೆ ಲೆಕ್ಕ ಹಾಕಿದಳು. ಗಡಿಯಾರ ನೋಡಿಕೊಂಡು ಬರುವುದು ಮನುಷ್ಯರದು. ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವುದು ನಕ್ಷತ್ರಗಳದು. ಇಲ್ಲಿ ಕಾಲಿಟ್ಟ ಮೊದಲ ವಾರ ಎಲ್ಲರೂ ಕಲಿಯುವ ಪಾಠ ಅದು.

ಅವಳು ಯಾರಿಗೂ ಹೇಳಲಿಲ್ಲ. ಸಂಜೆಯಾದರೆ ಪರದೆಯ ಮುಂದೆ ಕೂತು ಕಾಯುವುದು, ಗೆರೆ ಬಂದ ಕೂಡಲೇ ಯಾರೂ ನೋಡದ ಹಾಗೆ ಒಂದು ಸಲ ನಕ್ಕುಬಿಡುವುದು. ಹೀಗೇ ಒಂದು ತಿಂಗಳು ಕಳೆಯಿತು. ನಡುವೆ ಮೋಡ ಕವಿದ ಎರಡು ದಿನ ಮಾತ್ರ ಗೆರೆ ಬಂದಿರಲಿಲ್ಲ. ಆಗಲೇ ಅವಳಿಗೆ ತಿಳಿಯಬೇಕಿತ್ತು. ರೇಡಿಯೋ ಅಲೆಗೆ ಮೋಡದ ಹಂಗೆಲ್ಲಿ? ಮೋಡಕ್ಕೆ ಅಂಜುವುದು ಕಣ್ಣು ಮಾತ್ರ. ಆದರೆ ಆಸೆ ಹುಟ್ಟಿದ ಮೇಲೆ ಕಲಿತ ವಿದ್ಯೆ ಕೂಡ ಮುಖ ತಿರುಗಿಸಿ ಕೂರುತ್ತದೆ.

ಇವತ್ತು ಬಾಪೂ ಕಾಕಾ ಜೀಪಿನ ಕೀಲಿ ಕುಣಿಸುತ್ತ ಬಂದ. ಹೊಸ ಹುಡುಗ ಹುಡುಗಿಯರು ಎಷ್ಟು ಜನ ಬಂದು ಹೋದರೂ ಗದ್ದಲ ಹುಡುಕುವುದರಲ್ಲಿ ಅವನದೇ ಕೊನೆಯ ಮಾತು.

"ನಡಿ ಪೋರಿ. ಆ ಸಂಜೆ ಕಳ್ಳನ್ನ ಇವತ್ತು ಹಿಡೀಲೇಬೇಕಂತೆ. ಆ ಗೆರೆ ಮೇಲಿನೋರ ಕಣ್ಣಿಗೂ ಬಿದ್ದು, ನನ್ನ ತಲೆ ತಿಂತಿದಾರೆ. ಏನು, ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದೀಯಾ?"

"ಏನಿಲ್ಲ ಕಾಕಾ."

"ನಿನ್ನ ಈ ಏನಿಲ್ಲ ಕೇಳಿ ಕೇಳೀನೇ ನನ್ನ ಕೂದ್ಲೆಲ್ಲ ಉದುರಿದ್ದು."

ಜೀಪು ಹೊರಟಿತು. ಕಬ್ಬಿನ ಗದ್ದೆಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಊರ ಹೊರಗೆ ನಿಲ್ಲಿಸಿ, ಕಾಕಾ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ಮೀನಿನ ಮುಳ್ಳಿನಂಥ ಆಂಟೆನಾ ಮಂಜಿರಿಯ ಕೈಯಲ್ಲಿತ್ತು. ಗದ್ದಲ ಯಾವ ದಿಕ್ಕಿನದೋ ಆ ಕಡೆ ತಿರುಗಿಸಿದಾಗ ಸದ್ದು ಏರುತ್ತದೆ.

"ಬಂತು, ಬಂತು! ಎಡಕ್ಕೆ... ಇನ್ನೂ ಸ್ವಲ್ಪ... ಹಾಂ, ಅಲ್ಲೇ ಕೂತಿದಾನೆ."

ಆಂಟೆನಾ ಊರಿನ ಕಡೆ ನೋಡುತ್ತಿತ್ತು. ಮಂಜಿರಿಯ ಕೈ ತಾನಾಗಿ ಬಲಕ್ಕೆ ಜಾರಿತು.

"ಅರೇ, ಎಲ್ಲಿ ಹೋದ?" ಕಾಕಾ ಕಣ್ಣು ಮುಚ್ಚಿಕೊಂಡೇ ಕೇಳಿದ.

ಹೀಗೇ ಹಿಡಿದಿದ್ದರೆ ಸಾಕು. ಸಿಗಲಿಲ್ಲ ಎಂದು ವಾಪಸು ಹೋಗಬಹುದು. ನಾಳೆ ಸಂಜೆಯೂ ಗೆರೆ ಬರುತ್ತದೆ, ನಾಡಿದ್ದೂ ಬರುತ್ತದೆ. ಅವಳು ಬಟ್ಟಲುಗಳ ಕಡೆ ನೋಡಿದಳು. ಎಲ್ಲವೂ ಒಂದೇ ಕಡೆ ಮುಖ ಮಾಡಿ, ಉಸಿರು ಬಿಗಿಹಿಡಿದ ಹಾಗೆ ನಿಂತಿದ್ದವು. ಅವಳಿಗೆ ನಾಚಿಕೆಯಾಯಿತು. ಆಂಟೆನಾವನ್ನು ಮತ್ತೆ ಎಡಕ್ಕೆ ತಿರುಗಿಸಿದಳು.

ಊರ ಕೊನೆಯ ಮನೆ. ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದ ಮುದುಕಿ, ಟೀವಿ ಬೂಸ್ಟರ್ ಇದೆಯಾ ಎಂದು ಕಾಕಾ ಕೇಳಿದ್ದಕ್ಕೆ ತಲೆ ಎತ್ತಿದಳು.

"ಟೀವಿನಾ? ನಮ್ಮನೆ ಟೀವಿ ದೀಪಾವಳಿಗೇ ಸತ್ತಿದೆ ಬಾಬಾ. ಮೇಲೆ ಹೋಗಿ ನೋಡಿ, ನಮ್ಮ ಸೊಸೆ ನಕ್ಷತ್ರಕ್ಕೆ ಆರತಿ ಎತ್ತುತಿದಾಳೆ."

ತಾರಸಿಯ ಮೇಲೆ, ಕೋಲಿಗೆ ಕಟ್ಟಿದ ಒಂದು ಬಿಳಿ ಬಲ್ಬು ಉರಿಯುತ್ತಿತ್ತು. ಅದರ ಪಕ್ಕ, ಮಂಜಿರಿಯ ವಯಸ್ಸಿನವಳೇ ಒಬ್ಬಳು ಸೆರಗು ಹೊದ್ದು ನಿಂತಿದ್ದಳು. ಹೆಸರು ಕುಂದಾ.

"ಇದಾ? ಸಂತೇಲಿ ತಂದ ಬಲ್ಬು," ಎಂದಳು ಕುಂದಾ. "ಯಾಕೆ, ನಿಮ್ಮ ಬಟ್ಟಲಿಗೆ ಕಣ್ಣು ಕುಕ್ಕುತ್ತಾ?"

"ಕಣ್ಣಲ್ಲ ವಹಿನಿ, ಕಿವಿ," ಎಂದ ಕಾಕಾ, ಅತ್ತಿಗೆಯನ್ನು ಕರೆಯುವ ಸಲಿಗೆಯಲ್ಲಿ. "ಉರಿಯೋವಾಗ ಒಳಗೊಳಗೇ ಕಿರುಚ್ತಾ ಇದೆ ಇದು. ನಮಗೆ ಕೇಳ್ಸಲ್ಲ, ಅವಕ್ಕೆ ಕೇಳ್ಸುತ್ತೆ."

ಮಂಜಿರಿ ಬಲ್ಬಿನ ಹತ್ತಿರ ಬಂದಳು. "ದಿನಾ ಬೇರೆ ಬೇರೆ ಹೊತ್ತಿಗೆ ಯಾಕೆ ಹಾಕ್ತೀರಿ?"

"ಬೇರೆ ಹೊತ್ತೆಲ್ಲಿ? ದಿನಾ ಒಂದೇ ಹೊತ್ತು." ಕುಂದಾ ಪೂರ್ವದ ಗುಡ್ಡದ ಕಡೆ ಗದ್ದ ಎತ್ತಿದಳು. "ಆ ಮೃಗದ ನಕ್ಷತ್ರಗಳಲ್ಲಿರೋ ಕೆಂಪು ಚುಕ್ಕಿ ಗುಡ್ಡ ದಾಟಿದ ತಕ್ಷಣ."

ಗುಡ್ಡದ ನೆತ್ತಿಯ ಮೇಲೆ, ಈಗಷ್ಟೇ ಏರಿ ಬಂದ ಹಾಗೆ, ಅದು ಕೆಂಪಗೆ ಕೂತಿತ್ತು.

"ನಮ್ಮೋರು ಫೌಜಿನಲ್ಲಿದಾರೆ. ಅರುಣಾಚಲದಲ್ಲಿ, ಎಲ್ಲೋ ಮೇಲೆ. ಫೋನು ಸಿಗಲ್ಲ. ಅಲ್ಲಿ ಇದು ನಮಗಿಂತ ಮೊದಲೇ ಹುಟ್ಟುತ್ತಂತೆ. ತಾವು ನೋಡಿ ಆದ್ಮೇಲೆ ನನ್ನ ಕಡೆ ಕಳಿಸ್ತಾರಂತೆ." ಕುಂದಾ ನಕ್ಕಳು. "ಬಂತು ಅಂತ ನಾನಿಲ್ಲಿ ದೀಪ ಹಾಕ್ತೀನಿ. ಅವರಿಗೆ ಕಾಣಲ್ಲ ಅಂತ ಗೊತ್ತು. ಹುಚ್ಚು ಅನ್ಸುತ್ತಲ್ವಾ?"

"ಮೋಡ ಇದ್ರೆ?"

"ಮೋಡ ಇದ್ರೆ ಎಲ್ಲಿ ಬಂತು? ಆ ದಿನ ಹಾಕಲ್ಲ."

ಕಾಕಾ ಬಲ್ಬು ಬಿಚ್ಚಿಕೊಂಡ. ತಾರಸಿ ಕತ್ತಲಾಯಿತು. ಅತ್ತ ಪರದೆಯ ಮೇಲೆ ಗೆರೆ ಈಗ ಕಡಿದಿರುತ್ತದೆ ಎಂದುಕೊಂಡಳು ಮಂಜಿರಿ. ನಾಳೆ ಅದು ಬರುವುದಿಲ್ಲ.

"ತಗೊಂಡೇ ಹೋಗ್ತೀರಾ?" ಕುಂದಾಳ ದನಿ ಸಣ್ಣಗಾಗಿತ್ತು.

"ಅಯ್ಯೋ, ಬೇರೆ ಕೊಡ್ತೀನಿ ತಡಿ," ಎನ್ನುತ್ತ ಕಾಕಾ ಮೆಟ್ಟಿಲಿಳಿದ.

ಇಬ್ಬರೂ ಗುಡ್ಡದ ಕಡೆ ತಿರುಗಿದರು. ಚುಕ್ಕಿ ಇನ್ನಷ್ಟು ಮೇಲೆ ಬಂದಿತ್ತು.

"ಸಂಕ್ರಾಂತಿ ಕಳೆದ್ರೆ ಅದು ಹಗಲಲ್ಲೇ ಗುಡ್ಡ ದಾಟಿಬಿಡುತ್ತೆ," ಎಂದಳು ಮಂಜಿರಿ ಮೆಲ್ಲಗೆ.

"ಗೊತ್ತು. ಅಷ್ಟರಲ್ಲಿ ಅವರಿಗೆ ರಜಾ ಸಿಗಬೇಕು."

ಕಾಕಾ ಜೀಪಿನಿಂದ ಹಳೇ ಕಾಲದ ತಂತಿ ಬಲ್ಬು ತಂದು ಸಿಕ್ಕಿಸಿದ. ತಾರಸಿಯ ತುಂಬ ಹಳದಿ ಬೆಳಕು ಹರಡಿತು. "ಇದು ಮೂಕಿ. ರಾತ್ರಿಯಿಡೀ ಉರಿಸಿದ್ರೂ ಬಟ್ಟಲಿಗೆ ಗೊತ್ತಾಗಲ್ಲ. ಕೆಳಗೆ ಅಜ್ಜಿ ಚಹಾ ಅಂತಿದಾರೆ, ನಾನು ನಡೆದೆ." ಅವನ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕರಗಿತು.

ಕುಂದಾ ಹೊಸ ದೀಪದ ಕೆಳಗೆ ಬಂದು ಮಂಜಿರಿಯ ಮುಖ ದಿಟ್ಟಿಸಿದಳು. "ನನ್ನ ದೀಪ ಬದಲಾಯ್ತು, ನೀವ್ಯಾಕೆ ಅಳೋ ಹಾಗಿದೀರಿ? ಏನಾಯ್ತು?"

ಏನಿಲ್ಲ ಎಂಬ ಮಾತು ತುಟಿಯವರೆಗೆ ಬಂದು ನಿಂತಿತು. ಮಂಜಿರಿ ಅದನ್ನು ನುಂಗಿಕೊಂಡಳು.

"ಒಂದು ತಿಂಗಳಿಂದ ದಿನಾ ಸಂಜೆ ನಿಮ್ಮ ದೀಪಕ್ಕೇ ಕಾಯ್ತಿದ್ದೆ ವಹಿನಿ," ಎಂದಳು. "ಆಕಾಶದಿಂದ ಯಾರೋ ನನ್ನ ಕರೀತಿದಾರೆ ಅಂದ್ಕೊಂಡಿದ್ದೆ."